ಆಯಿ ಕೊಟ್ಟ ಪಂಪು

ಬೈಲಹೊಂಗಲದ ಫಿರದೋಸ್ ಡಾಕ್ಟರ ಮೇಜಿನ ಮೇಲೆ ಇನ್ಹೇಲರ್ ಪಂಪನ್ನು ಕುಕ್ಕಿ ಇಟ್ಟೆ. ನನ್ನ ಮೂರು ವರ್ಷದ ಪರಶುವಿಗೆ ಮತ್ತೆ ದಮ್ಮು ಹತ್ತಿತ್ತು. ಪಕ್ಕೆ ಒಳಗೆಳೆದುಕೊಂಡು ಉಸಿರಾಡುವ ಕೂಸನ್ನು ಹೂಲಿಯಿಂದ ಎತ್ತಿಕೊಂಡು ಬಂದವನಿಗೆ ಸಮಾಧಾನ ಎಲ್ಲಿಂದ ಬರಬೇಕು? ನೆಬ್ಯುಲೈಸರ್ ಹಾಕಿದ ಮೇಲೆ ಅವನು ಸುಧಾರಿಸಿಕೊಂಡ. ನನಗೆ ಸಿಟ್ಟು ನೆತ್ತಿಗೇರಿತು.

“ದಿನಾ ತಪ್ಪದ ಕೊಡಾಕ ಹತ್ತೇವ್ರಿ. ಈ ಪಂಪಿನ್ಯಾಗಿನ ನಿಮ್ಮ ಸ್ಟೀರಾಯ್ಡ್ ಬರೇ ಬೋಗಸ್ ಐತಿ.”

ಡಾಕ್ಟರು ಪಂಪಿನ ಹಿಂದೆ ಉಳಿದ ಡೋಸು ತೋರಿಸುವ ಅಂಕಿ ನೋಡಿದರು. ಔಷಧ ಲೆಕ್ಕಕ್ಕೆ ಸರಿಯಾಗಿಯೇ ಇಳಿದಿತ್ತು.

“ಹಂಗಾರ ಡೋಸ್ ಏರಸಬೇಕಾಗತೈತಿ. ಮನ್ಯಾಗ ಯಾರ ಕೊಡತೀರಿ?”

“ನಮ್ಮವ್ವ,” ಎಂದೆ ಹೆಮ್ಮೆಯಿಂದ, ಪಕ್ಕದಲ್ಲೇ ಕುಳಿತಿದ್ದ ಅವಳನ್ನು ತೋರಿಸಿ. ನಾನೂ ಹೆಂಡತಿಯೂ ಬೆಳಗಾದರೆ ಸವದತ್ತಿಗೆ ಕೆಲಸಕ್ಕೆ ಓಡುವವರು. ಅವ್ವ ಸಾವಿತ್ರೆವ್ವ, ಪರಶುವಿನ ಆಯಿ, ಹೂಲಿಯ ಅರ್ಧ ಊರಿನ ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು. ಅವಳ ಕೈಗೆ ಕೊಟ್ಟ ಕೂಸಿನ ಚಿಂತೆಯನ್ನು ಯಾರೂ ಮಾಡುವುದಿಲ್ಲ.

“ಹೆಂಗ ಕೊಡತೀರಿ ತೋರಸ್ರಿ, ಆಯಿ,” ಎಂದರು ಡಾಕ್ಟರು.

ಅವ್ವ ಖುಷಿಯಿಂದ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವನ ತಲೆಗೆ ಸೆರಗು ಮುಚ್ಚಿ, ಒಳಗೆ ಪಂಪು ತೂರಿಸಿ, ಬೆನ್ನ ಹಿಂದೆ ಗಾಳಿಗೆ ಒತ್ತಿದಳು. ಮುಖಕ್ಕೆ ಹಿಡಿಯಬೇಕಾದ ಮಾಸ್ಕು ಚೀಲದಲ್ಲೇ ಇತ್ತು.

“ಅದನ್ನ ಮಾರಿಗೆ ಒತ್ತಿದ್ರ ಅಳತಾನ್ರಿ. ಜಳಕಾ ಆದಮ್ಯಾಲೆ ಕಂಬಳಿ ಮುಚ್ಚಿ ಲೋಬಾನದ ಹೊಗಿ ಹಾಕತೇನಲ್ಲ, ಅದರಾಗ ಇದನ್ನೂ ಬಿಡತೇನಿ. ಹೊಗಿ ಜೋಡಿ ಚೊಲೊ ಒಳಗ ಇಳೀತೈತಿ.”

ದಮ್ಮಿನ ಕೂಸನ್ನು ದಿನಾ ಬೆಳಿಗ್ಗೆ ಕಂಬಳಿಯೊಳಗೆ, ಹೊಗೆಯಲ್ಲಿ ಕೂರಿಸಿದ್ದಾಳೆ ನನ್ನ ಹೆತ್ತವ್ವ. ಬೈಯಲು ಬಾಯಿ ತೆರೆದೆ. ಡಾಕ್ಟರು ಪೆನ್ನು ಕೆಳಗಿಟ್ಟು, ತಡೆಯಿರಿ ಎಂದು ನನಗೆ ಕೈ ಮಾಡಿದರು.

ಅವ್ವ ನಮ್ಮಿಬ್ಬರ ಮುಖ ನೋಡಿದಳು. “ಯಾಕ್ರಿ, ಔಷಧಾ ಒಳಗ ಹೋಗಿಲ್ಲೇನ್ರಿ?”

“ಔಷಧಾ ಗಾಳಿಗೆ ಹೋಗೇತ್ರಿ, ಆಯಿ. ಒಳಗ ಹೋಗಿದ್ದು ಹೊಗಿ. ಅದಕ್ಕ ದಮ್ಮ ಹೆಚ್ಚಾಗೇತಿ.”

ಅವ್ವ ಕೂಸನ್ನು ಮೆಲ್ಲಗೆ ಕೆಳಗಿಳಿಸಿ ಎದ್ದಳು.

ಡಾಕ್ಟರು ಪಂಪಿಗೆ ಮಾಸ್ಕು ಜೋಡಿಸಿ ನನ್ನ ಕೈಗೆ ಕೊಟ್ಟರು. ಮುಖದ ಹತ್ತಿರ ಒಯ್ದದ್ದೇ ತಡ, ಪರಶು ಒದ್ದಾಡಿ ಕಿರುಚಿದ. ಆಯಿಯೇ ಕೊಡಬೇಕು ಎಂದು ಹಟ ಹಿಡಿದ.

“ನೀವ ಹಿಡೀರಿ ಆಯಿ, ನಿಮ್ಮ ಮಾತ ಕೇಳತಾನ,” ಎಂದರು ಡಾಕ್ಟರು.

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು. ಕೂಸು ಕರೆಯುತ್ತಲೇ ಇತ್ತು. ಅವಳು ಬರಲಿಲ್ಲ.