ಡ್ರ್ಯಾಗನ್ನಿನ ಮಡಿಲು

"ಸೋಫಾ ಹೊಲಿಯೋನ ಕೈಗೆ ಡ್ರ್ಯಾಗನ್ ಕೊಟ್ರೆ ಅದಕ್ಕೂ ಎರಡು ಕೈ, ನಾಲ್ಕು ಕಾಲು ಇಟ್ಟು ಕೂತ್ಕೊಳ್ಳಿ ಅಂತಾನೆ ಅಷ್ಟೇ. ಒಂಬತ್ತನೇ ಕ್ಲಾಸಿಗೇ ಕೈಮುಗಿದು ಬಂದ ತಲೆ ಅದು," ಎಂದರು ಚಿಕ್ಕಪ್ಪ. ನಡುಮನೆಯಲ್ಲಿ ತಂಗಿಯ ಗೆಳೆಯರೆಲ್ಲ ಕೂತಿದ್ದರು. ಇಬ್ಬರು ನಕ್ಕರು, ಉಳಿದವರು ನಗು ನುಂಗಿಕೊಂಡು ಚಾವಣಿ ನೋಡಿದರು.

ಸೋಫಾ ಹೊಲಿಯುವ ಅಣ್ಣನಿಗೆ ಮೈಯೆಲ್ಲ ಉರಿಯಿತು. ಸೋಫಾಕ್ಕೆ ಬಟ್ಟೆ ಬಡಿಯುವಾಗ ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಿದ್ದುದರಿಂದ ಅವನಿಗೆ ಮೊಳೆ ಎಂದೇ ಹೆಸರು ಅಂಟಿತ್ತು. ಸಿಟ್ಟು ಬಂದಾಗಲೂ ಜೇಬಿನಿಂದ ನಾಲ್ಕು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬಾಯಿ ಖಾಲಿಯಿದ್ದರೆ ಬರಬಾರದ ಮಾತೆಲ್ಲ ಬರುತ್ತಿತ್ತು. ಈಗಲೂ ಅದನ್ನೇ ಮಾಡಿದ.

ತಂಗಿಗೆ ಹದಿನೆಂಟು ತುಂಬುವ ದಿನದ ಪಾರ್ಟಿಗೆ ಸಿದ್ಧತೆ ನಡೆದಿತ್ತು. ಮನೆಯೇ ಮಾಯಾಲೋಕ ಆಗಬೇಕೆಂದು ಗುಂಪು ತೀರ್ಮಾನಿಸಿತ್ತು. ಮಾಂತ್ರಿಕರಾಗಲು ಐವರು ತಯಾರು, ಕಾವಲುಗಾರನಾಗಲು ಒಬ್ಬನೂ ಇಲ್ಲ. ಯಾರ ಮಂತ್ರದಂಡ ಉದ್ದವಿರಬೇಕು ಎಂಬ ಜಗಳದಲ್ಲೇ ಅರ್ಧ ಮಧ್ಯಾಹ್ನ ಕಳೆದಿತ್ತು. ಡ್ರ್ಯಾಗನ್ ಬಾಡಿಗೆಗೆ ತರೋಣ ಎಂಬುದು ಚಿಕ್ಕಪ್ಪನ ವಾದ. ಅಣ್ಣ ತಾನೇ ಮಾಡುತ್ತೇನೆ ಎಂದದ್ದಕ್ಕೆ ಈ ಮಾತು ಬಂದಿತ್ತು.

"ನಮ್ಮಣ್ಣನೇ ಮಾಡ್ತಾನೆ. ಇಲ್ಲಾಂದ್ರೆ ನಂಗೆ ಡ್ರ್ಯಾಗನ್ನೇ ಬೇಡ," ಎಂದುಬಿಟ್ಟಳು ತಂಗಿ. ಅಲ್ಲಿಗೆ ಅವಳ ಮಾನ ಅವನ ಸೂಜಿಯ ತುದಿಗೆ ಬಂತು.

ಅವನ ಸೋಫಾ ಅಂಗಡಿಯ ಹಿಂದೆ ಹಲಗೆಯ ಚೌಕಟ್ಟು ಎದ್ದಿತು. ಹಸಿರು ರೆಕ್ಸಿನ್ ಚೂರುಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತವು. ಒಳಗೆ ಕಾಗದ ತುರುಕಿದರೆ ಬೆನ್ನು ಕುಸಿಯಿತು. ಸ್ಪ್ರಿಂಗು ಹಾಕಿ ಮೇಲೆ ಸ್ಪಂಜು ಹಾಸಿದ. ರೆಕ್ಕೆ ಬಿಚ್ಚಿದರೆ ಬಾಗಿಲಲ್ಲಿ ಹಿಡಿಸದು, ಆಚೀಚೆ ಮಡಚಿದ. ಬಾಲವನ್ನು ಹಿಂದೆ ಎತ್ತಿ ಸುತ್ತಿದ. ಕೈ ತನ್ನ ಪಾಡಿಗೆ ತಾನು ಕಲಿತದ್ದನ್ನೇ ಮಾಡುತ್ತ ಹೋಯಿತು.

ಪಾರ್ಟಿಯ ಬೆಳಿಗ್ಗೆ ಅದನ್ನು ನಡುಮನೆಯಲ್ಲಿ ಇಳಿಸಿ, ಹಿಂದೆ ಸರಿದು ನೋಡಿದ. ರೆಕ್ಕೆಗಳು ಕೈಗಳಾಗಿದ್ದವು, ಬಾಲ ಒರಗುದಿಂಬಾಗಿತ್ತು. ಬೆಂಕಿಯುಗುಳುವ ತಲೆಯೊಂದನ್ನು ಬಿಟ್ಟರೆ ಅದು ಅಪ್ಪಟ ಸೋಫಾ. ಚಿಕ್ಕಪ್ಪನ ಮಾತಿಗೆ ತಾನೇ ಅಳತೆ ತೆಗೆದು ಹೊಲಿದಂತಿತ್ತು. ಹರಿದು ಹಾಕಲು ಕತ್ತರಿ ಎತ್ತಿಕೊಂಡ.

"ಇಡೋ ಕೆಳಗೆ," ಎಂದಳು ತಂಗಿ. ಸುತ್ತ ಒಂದು ಬಾರಿ ನಡೆದು ನೋಡಿದಳು. ಆಮೇಲೆ ತಲೆಯ ರಟ್ಟಿನ ಕಿರೀಟದ ಸಮೇತ ದೊಪ್ಪನೆ ಅದರ ಮೇಲೆ ಬಿದ್ದಳು. ಸ್ಪ್ರಿಂಗು ಅವಳನ್ನು ಎತ್ತಿ ಇನ್ನೊಮ್ಮೆ ಕೂರಿಸಿತು. "ಸಿಂಹಾಸನ ಎಲ್ಲಿಂದ ತರೋದು ಅಂತ ತಲೆ ಕೆಡಿಸ್ಕೊಂಡಿದ್ದೆ ಕಣೋ ಅಣ್ಣ."

ಸಂಜೆ ಅದರ ಮೇಲೆ ಕೂರಲು ಮಾಂತ್ರಿಕರೆಲ್ಲ ಕಿತ್ತಾಡಿದರು. ಕಾವಲುಗಾರನಿಗೆ ರಾಣಿಯ ಪಕ್ಕದಲ್ಲೇ ಜಾಗ ಎಂದು ತಂಗಿ ಸಾರಿದ್ದೇ ತಡ, ಐವರೂ ಮಂತ್ರದಂಡ ಬಿಸಾಡಿ ಕಾವಲಿಗೆ ನಿಂತರು.

ಕುಣಿತ ಒಂದು ಹದಕ್ಕೆ ಬಂದಾಗ ಚಿಕ್ಕಪ್ಪ ಸೊಂಟ ಹಿಡಿದುಕೊಂಡು ಬಂದು ಕೂತರು. ಒರಗಿದರು. ಮುಖದ ಗಂಟೆಲ್ಲ ಸಡಿಲವಾಯಿತು. ಎಲ್ಲರ ಮುಂದೆಯೇ ಕೂಗಿದರು: "ಲೋ ಮೊಳೆ, ಇಂಥದ್ದೇ ಒಂದು ನಮ್ಮನೆಗೂ ಮಾಡ್ಕೊಡ್ತೀಯೇನೋ? ತಲೆ ಬೇಡ, ಮಿಕ್ಕಿದ್ದೆಲ್ಲ ಇರ್ಲಿ."

ಗುಂಪೆಲ್ಲ ಅವನ ಕಡೆ ತಿರುಗಿತು. ಬಾಯಲ್ಲಿ ಒಂದೂ ಮೊಳೆ ಇರಲಿಲ್ಲ; ಚಿಕ್ಕಪ್ಪನಿಗೆ ಹೇಳಬೇಕಾದ್ದು ಆ ಮಧ್ಯಾಹ್ನದಿಂದ ನಾಲಿಗೆ ತುದಿಯಲ್ಲೇ ಕೂತಿತ್ತು. ತಂಗಿಯ ತಟ್ಟೆಯಿಂದ ದೊಡ್ಡ ಕೇಕಿನ ತುಂಡನ್ನೆತ್ತಿ ಬಾಯಿ ತುಂಬ ತುರುಕಿಕೊಂಡು, ಅಗಿಯುತ್ತ ಹೊರಗೆ ನಡೆದ.