ಚಳಿಗಾಲಕ್ಕೆ ಮಲಗಿಸಿದ ಬೈಕು

ಎಡಗಡೆಯ ಕಾರ್ಬ್ಯುರೇಟರಿನ ತಳದ ಸ್ಕ್ರೂವನ್ನು ಶ್ರೀಲತಾ ಅರ್ಧ ಸುತ್ತು ಸಡಿಲಿಸಿದ್ದಳು. ಸಣ್ಣ ರಬ್ಬರ್ ಕೊಳವೆಯಿಂದ ಇಳಿದ ಪೆಟ್ರೋಲು, ಉಪ್ಪಿನಕಾಯಿ ಖಾಲಿಯಾಗಿದ್ದ ಗಾಜಿನ ಬಾಟಲಿಗೆ ತೊಟ್ಟಿಕ್ಕುತ್ತಿತ್ತು. ನವೆಂಬರಿನ ಭಾನುವಾರ. ವಾಸನೆ ಒಳಗೇ ನಿಲ್ಲದಿರಲೆಂದು ಗ್ಯಾರೇಜಿನ ಬಾಗಿಲನ್ನು ಮೊಣಕಾಲೆತ್ತರಕ್ಕೆ ಎತ್ತಿದ್ದಳು. ಅಲ್ಲಿಂದ ನುಗ್ಗುವ ಗಾಳಿಗೆ ಪಾದ ಮರಗಟ್ಟುತ್ತಿದ್ದರೂ ಅರ್ಧಕ್ಕೆ ಬಿಟ್ಟು ಏಳುವ ಕೆಲಸವಲ್ಲ ಅದು. ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿನಲ್ಲಿ ಪೆಟ್ರೋಲು ಉಳಿದರೆ ಚಳಿಗಾಲ ಕಳೆಯುವುದರೊಳಗೆ ಅಂಟುಕಟ್ಟಿ, ಕೂದಲಷ್ಟು ಸಣ್ಣ ತೂತುಗಳನ್ನು ಮುಚ್ಚಿಬಿಡುತ್ತದೆ. ಆಮೇಲೆ ವಸಂತ ಬಂದರೂ ಬೈಕು ಏಳುವುದಿಲ್ಲ.

ಬಟ್ಟಲು ಬರಿದಾದ ಮೇಲೆ ಬಾಟಲಿಯನ್ನು ಬಲ್ಬಿನ ಕಡೆಗೆ ಎತ್ತಿ ಹಿಡಿದಳು. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೂ ಸ್ಯಾಂಪಲ್‌ಗಳನ್ನು ನೋಡುವ ಕಣ್ಣು ತಾನಾಗಿಯೇ ತಳಕ್ಕಿಳಿಯಿತು. ಜೇನಿನ ಬಣ್ಣದ ಪೆಟ್ರೋಲಿನಡಿ ನೀರಿನ ದೊಡ್ಡದೊಂದು ಹನಿ ಕೂತಿತ್ತು. ನೀರು ತಿಳಿಗುಲಾಬಿ ಬಣ್ಣದ್ದು. ಸ್ವಲ್ಪ ಹೊತ್ತಿನ ಹಿಂದೆ ಇಂಜಿನ್ ಓಡಿಸಿದಾಗ ಅದು ಎರಡು ಸಲ ಕೆಮ್ಮಿದ್ದೇಕೆಂದು ಈಗ ತಿಳಿಯಿತು.

ಅಡುಗೆಮನೆಯ ಕಡೆಯ ಬಾಗಿಲು ತೆರೆದು ಗಂಡ ಶಶಿಕಾಂತ್ ಇಣುಕಿದ. ಕೈಯಲ್ಲಿ ಎರಡು ಲೋಟ ಕಾಫಿ.

“ಲತಾ, ಆರಿ ಹೋಗತ್ತೆ. ಇನ್ನೂ ಎಷ್ಟೊತ್ತು?”

“ಇಲ್ಲಿ ನೋಡಿ ಒಂದ್ಸಲ.”

ಅವನು ಮೆಟ್ಟಿಲಿಳಿದು ಬಂದು, ಕನ್ನಡಕವನ್ನು ಹಣೆಗೇರಿಸಿ ಬಾಟಲಿಯನ್ನು ನೋಡಿದ. “ಏನದು, ಪಾನಕಾನಾ?”

“ನಿಮ್ಮ ಆಯುಧಪೂಜೆ. ಕಾಯಿ ಒಡೆದು ನೀರನ್ನೆಲ್ಲ ಟ್ಯಾಂಕ್ ಮೇಲೆ ಹುಯ್ದ್ರಲ್ಲ. ಮುಚ್ಚಳದ ಸುತ್ತ ಅಷ್ಟೊಂದು ಕುಂಕುಮ ಬೇರೆ. ಅದರ ವಾಷರ್ ಬಿರುಕು ಬಿಟ್ಟಿದೆ. ಎಲ್ಲಾ ಒಳಗಿಳಿದು ಕೂತಿದೆ.”

“ಹಾಗಾದ್ರೆ ಇಡೀ ವರ್ಜೀನಿಯಾದಲ್ಲಿ ಹೊಟ್ಟೆತುಂಬ ತೀರ್ಥ ಕುಡಿದ ಬೈಕ್ ಇದೊಂದೇ ಅನ್ನು.”

“ನಗಬೇಡಿ. ಟ್ಯಾಂಕ್‌ನಲ್ಲಿ ಇನ್ನೆಷ್ಟಿದೆಯೋ.”

“ಕಾರ್ ಮೇಲೂ ಹುಯ್ದಿದ್ದೆ. ಅದಕ್ಕೇನೂ ಆಗಿಲ್ವಲ್ಲ.”

“ಕಾರಿಗೆ ಮುಚ್ಚಳ ಪಕ್ಕೆಯಲ್ಲಿದೆ. ಇದಕ್ಕೆ ನೆತ್ತಿ ಮೇಲಿದೆ.”

ಶಶಿಕಾಂತ್ ಕಾಫಿ ಹೀರುತ್ತ ಬೈಕಿನ ಸುತ್ತ ಒಂದು ಬಾರಿ ಬಂದ. ಎಂಬತ್ತರ ದಶಕದ ಆರಂಭದ ಜಪಾನಿ ಬೈಕು. ಲಾಕ್‌ಡೌನಿನ ಬೇಸಿಗೆಯಲ್ಲಿ, ಎದುರುಮನೆಯವರು ಕೆರೊಲೈನಾ ಕಡೆ ಹೊರಟಾಗ, ಅವನು ಆಸೆಪಟ್ಟು ಕೊಂಡದ್ದು. ಎರಡನೇ ವರ್ಷ ಸಿಗ್ನಲ್ಲಿನಲ್ಲಿ ಒದ್ದೆ ಎಲೆಗಳ ಮೇಲೆ ಜಾರಿ, ನಿಂತ ಜಾಗದಲ್ಲೇ ಅಡ್ಡ ಬಿದ್ದಿದ್ದ. ಪೆಟ್ಟೇನೂ ಆಗಿರಲಿಲ್ಲ. ಆಮೇಲೆ ಮಾತ್ರ ಅವನು ಅದನ್ನು ಹತ್ತಲಿಲ್ಲ. ಕೇಳಿದವರಿಗೆ ಬೆನ್ನುನೋವು ಅನ್ನುತ್ತಿದ್ದ.

“ಅದಿರಲಿ, ಈ ಸಲ ಇಷ್ಟೆಲ್ಲ ಯಾಕೆ ಮಾಡ್ತಿದ್ದೀಯ? ಯಶವಂತ್‌ಗೆ ಕೊಟ್ಟುಬಿಡ್ತೀನಿ ಅಂತ ಹೇಳಿದ್ನಲ್ಲ.”

“ಯಾವಾಗ ಹೇಳಿದ್ರಿ?”

“ಹೇಳ್ಲಿಲ್ವಾ? ಕನ್ನಡ ಸಂಘದ ರಾಜ್ಯೋತ್ಸವದ ದಿನ, ಊಟ ಆದ್ಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ ಮಾತಾಯ್ತು. ಹುಡುಗನಿಗೆ ಹಳೇ ಬೈಕ್ ಅಂದ್ರೆ ಹುಚ್ಚು. ಸ್ಯಾಟರ್ಡೇ ನೋಡೋಕೆ ಬರ್ತಾನೆ. ನಾನೂ ಓಡಿಸಲ್ಲ, ನೀನೂ ಓಡಿಸಲ್ಲ. ಸುಮ್ನೆ ಯಾಕೆ ಜಾಗ ತಿನ್ನಬೇಕು?”

“ಓಹ್” ಅಂದಳು ಶ್ರೀಲತಾ.

“ನೋಡಕ್ಕೆ ಬಂದಾಗ ಕೆಮ್ಮಿದ್ರೆ ನನ್ನ ಮರ್ಯಾದೆ ಹೋಗತ್ತೆ. ಅಷ್ಟರೊಳಗೆ ಸರಿ ಮಾಡಿಬಿಡು, ಪ್ಲೀಸ್.” ಅವನು ಅವಳ ಲೋಟವನ್ನು ಟೂಲ್‌ಬಾಕ್ಸಿನ ಮೇಲಿಟ್ಟು ಒಳಗೆ ಹೋದ.

ಕಾಫಿ ಅಲ್ಲೇ ಆರಿತು. ಅವಳಿಗೆ ಸಿಟ್ಟು ಬಂದಿತ್ತೆಂದು ಹೇಳಲಾಗದು. ಮನೆಯಲ್ಲಿ ಹೀಗೆ ನಿರ್ಧಾರವಾದದ್ದು ಇದೇ ಮೊದಲಲ್ಲ. ಶಶಿಕಾಂತ್ ಕೆಟ್ಟವನಲ್ಲ, ಎಲ್ಲರಿಗೂ ಕೊಟ್ಟುಬಿಡುವ ಉದಾರಿ. ಕೊಡುವ ಮೊದಲು ಅವಳನ್ನು ಕೇಳಬೇಕೆಂದು ಅವನಿಗೆ ಹೊಳೆಯುತ್ತಿರಲಿಲ್ಲ, ಅಷ್ಟೇ. ಹೋದ ಸಲ ಊಟದ ಮೇಜು ಹೀಗೇ ಯಾರದೋ ಮನೆಗೆ ಹೋದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಈ ಸಲ ಹಾಗಾಗಲಿಲ್ಲ.

ಬೈಕು ಅವಳ ಕೈಗೆ ಬಂದದ್ದು ಹೀಗೆ. ಶಶಿಕಾಂತ್ ಓಡಿಸುವುದು ಬಿಟ್ಟ ಮೇಲೆ ಒಂದು ಬೆಳಿಗ್ಗೆ ಗ್ಯಾರೇಜಿನಲ್ಲಿ ಪೆಟ್ರೋಲಿನ ವಾಸನೆ ಬಂತು. ಯಾರೂ ನೋಡದಿದ್ದರೆ ಬೆಂಕಿ ಹತ್ತೀತೆಂಬ ಭಯಕ್ಕೆ ಅವಳೇ ಕೈಹಾಕಿದಳು. ಮೊದಮೊದಲು ಫೋನಿನಲ್ಲಿ ವೀಡಿಯೊ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ ಮಾಡುತ್ತಿದ್ದಳು. ಆಮೇಲೆ ಕೈಗೇ ದಾರಿ ಗೊತ್ತಾಯಿತು. ವರ್ಷಕ್ಕೊಮ್ಮೆ ಬರುವ ಈ ನವೆಂಬರಿನ ಬೆಳಗುಗಳನ್ನು ಅವಳು ಒಳಗೊಳಗೇ ಕಾಯತೊಡಗಿದಳು. ಮನೆಯಲ್ಲಿ ಮಾಡಿದ ಅಡುಗೆ ಸಂಜೆಯೊಳಗೆ ಮುಗಿಯುತ್ತಿತ್ತು, ಮಡಿಸಿದ ಬಟ್ಟೆ ಮತ್ತೆ ಬುಟ್ಟಿಗೆ ಬೀಳುತ್ತಿತ್ತು. ಗ್ಯಾರೇಜಿನಲ್ಲಿ ಮಾಡಿದ್ದು ಮಾತ್ರ ಏಪ್ರಿಲಿನವರೆಗೆ ಅವಳು ಬಿಟ್ಟ ಹಾಗೇ ಇರುತ್ತಿತ್ತು. ಹೊರಗೆ ಹಿಮ ಬಿದ್ದ ರಾತ್ರಿ ಹಾಸಿಗೆಯಲ್ಲಿ ಮಲಗಿ, ಕೆಳಗೆ ಅದು ಒಣಗಿ, ಎಣ್ಣೆ ಹಚ್ಚಿಸಿಕೊಂಡು, ಬೆಚ್ಚಗೆ ಹೊದ್ದು ನಿಂತಿದೆ ಎಂದು ನೆನೆದರೆ ನಿದ್ದೆ ಬರುತ್ತಿತ್ತು.

ಇನ್ನೊಂದು ಸಂಗತಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಆಗಸ್ಟಿನಲ್ಲಿ ಶಶಿಕಾಂತ್ ಮಗಳನ್ನು ಕಾಲೇಜಿಗೆ ಬಿಡಲು ಅಟ್ಲಾಂಟಾಕ್ಕೆ ಹೋಗಿದ್ದಾಗ, ಶ್ರೀಲತಾ ಒಂದು ಮಧ್ಯಾಹ್ನ ಅದರ ಮೇಲೆ ಕೂತು, ಮೊದಲನೇ ಗೇರಿನಲ್ಲೇ, ಬೀದಿಯ ಕೊನೆಯ ಅಂಚೆಪೆಟ್ಟಿಗೆಗಳವರೆಗೆ ಹೋಗಿ ಬಂದಿದ್ದಳು. ಮೈಸೂರಿನಲ್ಲಿ ಕಾಲೇಜಿಗೆ ಲೂನಾ ಓಡಿಸಿದ್ದು ಬಿಟ್ಟರೆ ಎರಡು ಗಾಲಿಯ ಮೇಲೆ ಕೂತು ಎಷ್ಟೋ ವರ್ಷಗಳಾಗಿದ್ದವು. ತಿರುಗುವಾಗ ಒಂದು ಕಾಲನ್ನು ನೆಲಕ್ಕೂರಿದ್ದಳು. ವಾಪಸು ಬಂದು ಇಂಜಿನ್ ಆರಿಸಿದ ಮೇಲೂ ಹೆಲ್ಮೆಟ್ ತೆಗೆಯದೆ ತುಂಬ ಹೊತ್ತು ಕೂತೇ ಇದ್ದಳು. ಲೈಸೆನ್ಸ್ ಇಲ್ಲದೆ ಓಡಿಸಿದ್ದು ತಪ್ಪೆಂದು ಗೊತ್ತಿದ್ದರಿಂದ ಮತ್ತೆ ಓಡಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಆ ವಾರ ಕೆಲಸದಿಂದ ಬಂದ ಮೇಲೆ ಒಂದೊಂದು ಗಂಟೆ ಗ್ಯಾರೇಜಿನಲ್ಲಿ ಕಳೆದಳು. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಒಳಗೆ ಟಾರ್ಚು ಬಿಟ್ಟು ನೋಡಿದಳು. ತುಕ್ಕು ಹಿಡಿದಿರಲಿಲ್ಲ. ಕೆಟ್ಟ ಪೆಟ್ರೋಲನ್ನು ಕ್ಯಾನಿಗೆ ತುಂಬಿ ಕೌಂಟಿ ಆಡಳಿತದ ಕಸ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬಂದಳು. ಹೊಸ ವಾಷರ್ ಪೋಸ್ಟಿನಲ್ಲಿ ಬಂತು. ಅದನ್ನು ಕೂರಿಸುವಾಗ ಒಂದು ಯೋಚನೆ ಸುಳಿಯಿತು: ಏನೂ ಮಾಡದೆ ಹಾಗೇ ಬಿಟ್ಟಿದ್ದರೆ? ನೀರು ಕುಡಿದ ಬೈಕು ಶನಿವಾರ ನಾಲ್ಕು ಸಲ ಕೆಮ್ಮಿ ನಿಂತಿದ್ದರೆ, ಹುಡುಗ ಬೇಡವೆಂದು ಹೋಗುತ್ತಿದ್ದ. ಯಾರೂ ಅವಳನ್ನು ಅನ್ನುವಂತಿರಲಿಲ್ಲ. ಆದರೆ ಅವಳು ನೋಡಿಕೊಂಡ ಇಂಜಿನ್ನು ಹೊರಗಿನವರ ಮುಂದೆ ಏದುಸಿರು ಬಿಡುವುದನ್ನು ನಿಂತು ನೋಡುವುದು ಅವಳಿಂದಾಗುತ್ತಿರಲಿಲ್ಲ. ಶನಿವಾರಕ್ಕೆ ಸಾಕಾಗುವಷ್ಟು ಹೊಸ ಪೆಟ್ರೋಲು ಹುಯ್ದು, ಮುಚ್ಚಳವನ್ನು ಒತ್ತಿ ತಿರುಗಿಸಿ ಭದ್ರ ಮಾಡಿದಳು.

ಗುರುವಾರ ಸಂಜೆ ಮಗಳು ಇಶಾ ಫೋನ್ ಮಾಡಿದಾಗ ಈ ಮಾತು ಬಂತು.

“ಬೈಕ್ ಕೊಡ್ತಿದೀರಾ? ಬಟ್ ವೈ?” ಅಂದಳು ಇಶಾ. “ನೀನು ಸ್ಯಾಡ್ ಆಗಿದೀಯಾ, ಅಮ್ಮಾ?”

“ಸ್ಯಾಡ್ ಏನಿಲ್ಲ. ಅಪ್ಪನ ಬೈಕು, ಅಪ್ಪ ಕೊಡ್ತಾರೆ.”

“ಅಪ್ಪ ಅದನ್ನ ಟಚ್ ಕೂಡ ಮಾಡಲ್ಲ. ಯೂ ಡೂ ಎವ್ರಿಥಿಂಗ್. ನಂಗೆ ಅರ್ಥ ಆಗ್ತಿಲ್ಲ.”

“ಊಟ ಆಯ್ತಾ ನಿಂದು?” ಎಂದು ಶ್ರೀಲತಾ ಮಾತು ತಿರುಗಿಸಿದಳು.

ಶನಿವಾರ ಯಶವಂತ್ ಬಂದ. ಬೆಂಗಳೂರಿನಿಂದ ಬಂದು ಎರಡು ವರ್ಷವಾಗಿದ್ದ ಸಾಫ್ಟ್‌ವೇರ್ ಹುಡುಗ. ಪಕ್ಕದ ಊರು ಹರ್ನ್‌ಡನ್ನಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದ. ಶ್ರೀಲತಾಳ ಕೈಗೆ ಒಂದು ಡಬ್ಬಿ ಸ್ವೀಟ್ ಕೊಟ್ಟು, ಶೂ ಬಿಚ್ಚಲು ಹೋದ.

“ಗ್ಯಾರೇಜಿಗೆ ಶೂ ಯಾಕೆ ಬಿಚ್ತೀಯೋ?” ಅಂದ ಶಶಿಕಾಂತ್.

“ಪೂಜೆ ಆಗಿರೋ ಬೈಕ್ ಅಂತ ಹೇಳಿದ್ರಲ್ಲ ಅಂಕಲ್.”

“ಪೂಜೆ ಸ್ವಲ್ಪ ಜಾಸ್ತಿನೇ ಆಗಿತ್ತು. ಆಂಟಿ ಕಡಿಮೆ ಮಾಡಿದ್ದಾರೆ.”

ಶಶಿಕಾಂತ್ ಸ್ಟಾರ್ಟ್ ಮಾಡಲು ಹೋದ. ಬಟನ್ ಒತ್ತಿದ, ಒತ್ತಿದ. ಇಂಜಿನ್ ತಿರುಗಿತೇ ಹೊರತು ಹತ್ತಲಿಲ್ಲ. ಅವನ ಕಿವಿ ಕೆಂಪಾಗುವುದನ್ನು ನೋಡಿ ಶ್ರೀಲತಾ ಬಗ್ಗಿ, ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿಯನ್ನು ತೆರೆದು, ಎರಡು ಬಟ್ಟಲೂ ತುಂಬುವಷ್ಟು ಹೊತ್ತು ಕಾದು, ಚೋಕ್ ಎಳೆದಳು. “ಈಗ ಒತ್ತಿ” ಅಂದಳು. ಒಂದೇ ಸಲಕ್ಕೆ ಎದ್ದಿತು. ಸದ್ದು ಸಮವಾಗಿ, ಮೆತ್ತಗೆ, ಗ್ಯಾರೇಜಿನ ಗೋಡೆಗಳನ್ನು ತುಂಬಿತು.

ಯಶವಂತ್ ಕಣ್ಣು ಮುಚ್ಚಿ ಕೇಳಿದ. “ಸೂಪರ್ ಆಗಿ ಇಟ್ಕೊಂಡಿದ್ದೀರ ಅಂಕಲ್.”

“ಏನೋ ಕೈಲಾದಷ್ಟು ಮಾಡ್ತೀವಿ” ಅಂದ ಶಶಿಕಾಂತ್.

ಆ ಬಹುವಚನದಲ್ಲಿ ಅವಳೂ ಇದ್ದಳು ಅಂತ ಇಟ್ಟುಕೊಂಡರೆ ಸುಳ್ಳೇನಲ್ಲ. ಶ್ರೀಲತಾ ಚೋಕನ್ನು ನಿಧಾನವಾಗಿ ಒಳಗೆ ತಳ್ಳಿದಳು.

ಯಶವಂತ್ ಬೈಕನ್ನು ತೆಗೆದುಕೊಳ್ಳುತ್ತೇನೆ ಅಂದ. ಆಮೇಲೆ ತಲೆ ಕೆರೆದುಕೊಂಡ. “ಒಂದೇ ಪ್ರಾಬ್ಲಮ್ಮು. ನಮ್ಮ ಅಪಾರ್ಟ್‌ಮೆಂಟಲ್ಲಿ ಗ್ಯಾರೇಜ್ ಇಲ್ಲ. ಹೊರಗೆ ಸ್ನೋ ಕೆಳಗೆ ನಿಲ್ಲಿಸ್ಬೇಕು. ಏಪ್ರಿಲ್‌ವರೆಗೆ ಇಲ್ಲೇ ಇಟ್ಕೊಳ್ಳೋಕಾಗತ್ತಾ? ಆಮೇಲೆ ಬಂದು ಓಡಿಸ್ಕೊಂಡು ಹೋಗ್ತೀನಿ.”

“ಅದಕ್ಕೇನು, ಇರ್ಲಿ ಬಿಡು. ಮೂರು ವರ್ಷ ಸುಮ್ನೆ ನಿಂತಿದ್ದು ಇನ್ನೊಂದು ವಿಂಟರ್ ಇರಲ್ವಾ? ಹೆಂಗೂ ಆಂಟಿ ನೋಡ್ಕೋತಾರೆ” ಅಂದ ಶಶಿಕಾಂತ್.

“ಆಂಟಿ, ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಒಂದು ವೀಡಿಯೊ ಕಳಿಸ್ತೀರಾ? ಸೌಂಡ್ ಕೇಳ್ತಿದ್ರೆ ಸಮಾಧಾನ.”

“ಹಾಗೆ ಮಾಡಬಾರದಪ್ಪ” ಅಂದಳು ಶ್ರೀಲತಾ. “ಚಳಿಯಲ್ಲಿ ಐದು ನಿಮಿಷಕ್ಕೆ ಇಂಜಿನ್ ಸರಿಯಾಗಿ ಕಾಯಲ್ಲ. ಸೈಲೆನ್ಸರಲ್ಲಿ ನೀರು ನಿಂತು ತುಕ್ಕು ಹಿಡಿಯತ್ತೆ. ಮಲಗಿಸಿದ್ಮೇಲೆ ಎಬ್ಬಿಸಬಾರದು.”

“ನೋಡಿದ್ಯಾ?” ಶಶಿಕಾಂತ್ ನಕ್ಕ. “ಇಪ್ಪತ್ತೈದು ವರ್ಷದಿಂದ ಸಂಡೇ ಬೆಳಿಗ್ಗೆ ನನ್ನನ್ನ ಎಬ್ಬಿಸ್ತಾ ಬಂದಿದ್ದಾಳೆ. ಬೈಕ್‌ಗೆ ಮಾತ್ರ ಎಬ್ಬಿಸಬಾರದಂತೆ.”

ಮೂವರೂ ನಕ್ಕರು. ಬಿಸಿಬೇಳೆಬಾತು ತಿಂದು, ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಯಶವಂತ್ ಹೊರಟ. ಒಳ್ಳೆಯ ಹುಡುಗ. ಅವನ ಮೇಲೆ ಬೇಸರಪಡಲು ಏನೂ ಇರಲಿಲ್ಲ. ಅದೇ ಕಷ್ಟ.

ಮರುದಿನ ಮತ್ತೆ ಭಾನುವಾರ. ಶ್ರೀಲತಾ ಹೊಸ ಪೆಟ್ರೋಲಿಗೆ, ಕೆಡದಂತೆ ಕಾಯುವ ಔಷಧಿ ಬೆರೆಸಿ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿದಳು. ಅದು ಕಾರ್ಬ್ಯುರೇಟರಿನವರೆಗೆ ತಲುಪಲೆಂದು ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ನಲ್ಲಿ ಮುಚ್ಚಿ, ಎರಡೂ ಬಟ್ಟಲನ್ನು ಬರಿದು ಮಾಡಿದಳು. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಳಗೆ ಒಂದೊಂದು ಚಮಚ ಎಣ್ಣೆ ಬಿಟ್ಟು, ಇಂಜಿನ್ನನ್ನು ಒಂದೆರಡು ಸುತ್ತು ತಿರುಗಿಸಿ, ಪ್ಲಗ್ಗುಗಳನ್ನು ವಾಪಸು ಬಿಗಿದಳು. ಇಲಿ ಸೇರದಂತೆ ಸೈಲೆನ್ಸರಿನ ಬಾಯಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕಿದಳು. ಬ್ಯಾಟರಿಯನ್ನು ಬಿಚ್ಚಿ ಕೆಳಗೆ ಬೇಸ್‌ಮೆಂಟಿಗೆ ಒಯ್ದು, ಚಾರ್ಜರಿಗೆ ಸಿಕ್ಕಿಸಿದಳು.

ಪ್ರತಿ ವರ್ಷ ಮಾಡಿದ್ದೇ. ಆದರೆ ಕೈ ಈ ಸಲ ಪ್ರತಿ ಹೆಜ್ಜೆಗೂ ತಡೆಯುತ್ತಿತ್ತು. ಬೇರೆಯವರ ಮನೆಗೆ ಹೋಗುವುದನ್ನು ಮಲಗಿಸುವುದು ಬೇರೆಯೇ ಕೆಲಸ. ಏಪ್ರಿಲಿನಲ್ಲಿ ಬ್ಯಾಟರಿ ಕೂರಿಸಿ ಇವನ್ನೆಲ್ಲ ಬಿಚ್ಚುವವಳೂ ಅವಳೇ. ಆಮೇಲೆ ಯಶವಂತ್ ಹತ್ತಿ ಕೂರುತ್ತಾನೆ, ಅಂಚೆಪೆಟ್ಟಿಗೆಗಳನ್ನು ದಾಟಿ ತಿರುಗುತ್ತಾನೆ. ಅವಳು ಬಾಗಿಲಲ್ಲಿ ನಿಂತು ಕೈ ಬೀಸುತ್ತಾಳೆ. ಆ ಚಿತ್ರ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ತಾನು ಹಾಕಿಕೊಂಡಿರುವ ಸ್ವೆಟರಿನ ಬಣ್ಣವೂ ಕಂಡಿತು. ಈ ಮನೆಯಲ್ಲಿ ಅವಳು ಕೈ ಬೀಸಿ ಕಳಿಸಿದ್ದೇ ಹೆಚ್ಚು. ಊಟದ ಮೇಜು ಹೋದಾಗ, ಇಶಾ ಹೋದಾಗ, ಅತ್ತೆ ಊರಿಗೆ ಹೊರಟಾಗ. ಅವಕ್ಕೆಲ್ಲ ಒಂದೊಂದು ಕಾರಣವಿತ್ತು. ಇದಕ್ಕಿರುವ ಕಾರಣ ಒಂದೇ: ಯಾರೂ ಓಡಿಸುವುದಿಲ್ಲ ಎಂಬುದು.

ಹಳೆಯ ಹತ್ತಿ ಬೆಡ್‌ಶೀಟನ್ನು ಕೊಡವಿ ಹೊದಿಸಲು ಎತ್ತಿದವಳು ಹಾಗೇ ನಿಂತಳು. ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಮಾರ್ಚಿನಿಂದ ವಾರಾಂತ್ಯದ ತರಗತಿ ಶುರುವಾಗುತ್ತದೆ. ಹೊಸಬರಿಗೆ ಬೈಕ್ ಓಡಿಸಲು ಕಲಿಸಿ, ಪಾಸಾದರೆ ಲೈಸೆನ್ಸಿಗೆ ದಾರಿ ಮಾಡಿಕೊಡುತ್ತಾರೆ. ಆಸ್ಪತ್ರೆಯ ನರ್ಸೊಬ್ಬಳು ಹೋಗಿ ಬಂದದ್ದನ್ನು ಹೇಳಿದ್ದಳು. ಆಗ ಕೇಳಿಸಿಕೊಂಡು ತನ್ನ ಕೆಲಸಕ್ಕೆ ತಿರುಗಿದ್ದಳು. ಈಗ ಆ ಮಾತು, ಯಾರೋ ಅವಳಿಗಾಗಿಯೇ ತೆಗೆದಿಟ್ಟ ಹಾಗೆ, ಪೂರ್ತಿಯಾಗಿ ನೆನಪಾಯಿತು.

ಆ ತರಗತಿಗೆ ಸೇರುತ್ತೇನೆ, ಅಂದುಕೊಂಡಳು. ಏಪ್ರಿಲಿನಲ್ಲಿ ಯಶವಂತ್ ಫೋನ್ ಮಾಡಿದಾಗ ತಾನೇ ಎತ್ತುತ್ತೇನೆ. ಬೈಕು ಕೊಡುವುದಿಲ್ಲಪ್ಪ, ನಾನು ಓಡಿಸುತ್ತೇನೆ, ಅನ್ನುತ್ತೇನೆ. ಅವನು ಬೇಜಾರು ಮಾಡಿಕೊಂಡಾನು, ಬಿಸಿಬೇಳೆಬಾತಿಗೆ ಕರೆದರೆ ಮತ್ತೆ ಬಂದಾನು. ಮಾತು ಕೊಟ್ಟವರು ಮುಜುಗರಪಡುತ್ತಾರೆ, ಪಡಲಿ. ಮಾತು ಕೊಟ್ಟಾಗ ತನ್ನನ್ನು ಕೇಳಿರಲಿಲ್ಲ. ಅಲ್ಲಿಯವರೆಗೆ ಹೇಳುವುದು ಬೇಡ. ಹೇಳಿದರೆ ಮನೆಯಲ್ಲಿ ಮಾತಾಗುತ್ತದೆ, ಮಾತಾದರೆ ವಯಸ್ಸು ಬರುತ್ತದೆ, ಬೆನ್ನು ಬರುತ್ತದೆ, ಜನ ಏನಂದಾರು ಎಂಬುದು ಬರುತ್ತದೆ, ಮತ್ತೆ ತಾನು “ಓಹ್” ಅಂದುಬಿಡುತ್ತೇನೆ.

ಬೆಡ್‌ಶೀಟಿನ ಅಂಚನ್ನು ಹ್ಯಾಂಡಲ್ಲಿನ ಮೇಲಿಂದ ಎಳೆದು, ಗಾಲಿಯ ಹತ್ತಿರ ಕಟ್ಟಿದಳು.

“ಮುಗೀತಾ ಲತಾ?” ಒಳಗಿನಿಂದ ಶಶಿಕಾಂತ್ ಕೇಳಿದ. “ಯಶವಂತ್ ಮೆಸೇಜ್ ಮಾಡಿದ್ದಾನೆ. ತನ್ನ ಬೈಕ್ ಹೇಗಿದೆ ಅಂತ.”

“ಚೆನ್ನಾಗಿದೆ ಅಂತ ಹೇಳಿ” ಅಂದಳು ಶ್ರೀಲತಾ. ಗ್ಯಾರೇಜಿನ ದೀಪ ಆರಿಸಿ, ಕೈ ತೊಳೆಯಲು ಒಳಗೆ ಹೋದಳು.