ದಾವಲ್‌ಸಾಬರ ಬ್ಯಾಟರಿ

ಹಾಲಿನ ಪಕೀರಮ್ಮ ಆ ಮುಂಜಾನೆ ಒಂದು ಲೀಟರಿನ ಬದಲು ಅರ್ಧ ಲೀಟರನ್ನೇ ಪಾತ್ರೆಗೆ ಸುರಿದಳು. ಅರ್ಧ ಸಾಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಸುರಿದವಳು ಕನಕಮ್ಮನ ಮುಖ ನೋಡದೆ ಮುಂದಿನ ಮನೆಯ ಬಾಗಿಲಿಗೆ ಹೋಗಿ, ಅಲ್ಲಿ ಎಂದಿನ ದನಿಯಲ್ಲಿ ಕೂಗಿದಳು.

ಕನಕಮ್ಮನ ಗಂಡ ಬಾಲಪ್ಪನನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಅತ್ತು, ಉಂಡು ಹೋಗುವವರೆಲ್ಲ ಹೋಗಿಯಾಗಿತ್ತು. ಕೊನೆಯವರು ನಿನ್ನೆ ಸಂಜೆ ಸಾಲಗುಂದದ ಬಸ್ಸು ಹತ್ತಿದ್ದರು. ಸಿಂಧನೂರಿನ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಈಗ ಉಳಿದವರು ಅತ್ತೆ ಮುದುಕಮ್ಮ ಮತ್ತು ಕನಕಮ್ಮ. ನಳಕ್ಕೆ ನೀರು ಬಂತು. ಕನಕಮ್ಮ ಕೊಡಗಳನ್ನು ತುಂಬಿಸಿದಳು, ಅಂಗಳ ಗುಡಿಸಿದಳು, ಚಹಾಕ್ಕೆ ಇಟ್ಟಳು. ಅತ್ತೆ ಬಚ್ಚಲಿಗೆ ಹೋದದ್ದನ್ನು ನೋಡಿ ಟಿವಿಯ ಮೇಲೆ ಹೊದಿಸಿದ್ದ ಟವೆಲ್ಲಿನ ತುದಿ ಎತ್ತಿ, ಕೆಳಗಿನ ಹಲಗೆಯತ್ತ ಬಗ್ಗಿದಳು. ಕಡಲೆಕಾಳಿನಷ್ಟು ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಅದು ಟಿವಿಗೆ ಹಚ್ಚುವ ಆಟದ ಡಬ್ಬಿಯ ದೀಪ. ಐದು ದಿನ ಮನೆ ತುಂಬ ಜನ ಅತ್ತರು; ಟವೆಲ್ಲಿನ ಕೆಳಗೆ ಏನೋ ಉರಿಯುತ್ತಿದೆಯೆಂದು ಒಬ್ಬರಿಗೂ ತಿಳಿಯಲಿಲ್ಲ.

ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದೆ ದಾವಲ್‌ಸಾಬ್ ಎಂಬವರ ವಿಡಿಯೋ ಗೇಮ್ ಅಂಗಡಿ. ಮೂರು ವರ್ಷದ ಹಿಂದೆ, ತೊಂಬತ್ಮೂರರ ಸುಮಾರಿಗೆ, ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲವಂತೆ. ನೀಲಿ ಚಡ್ಡಿಯವನೊಬ್ಬ, ಕೆಂಪು ಚಡ್ಡಿಯವನೊಬ್ಬ, ಇಬ್ಬರೂ ಬಂದೂಕು ಹಿಡಿದು ಕಾಡು, ಕೋಟೆ, ಹಿಮ ದಾಟಿ ಹೋಗುವ ಆಟ. ಡಬ್ಬಿಯ ಮೇಲಿನ ಹೆಸರು ಯಾರಿಗೂ ಬೇಕಿರಲಿಲ್ಲ, ಎಲ್ಲರೂ ಅದನ್ನು ಗೋಲಿಬಾರ್ ಅನ್ನುತ್ತಿದ್ದರು. ಹಟ್ಟಿ ಗಣಿಯ ತಾಯಪ್ಪ ಮೊದಲ ಪಾಳಿ ಮುಗಿಸಿ, ಕೂದಲೊಳಗಿನ ಧೂಳಿನ ಸಮೇತ ಬಂದು ಕೂಡುತ್ತಿದ್ದ. ಗುರುಗುಂಟಾದಿಂದ ಕುರಿ ವ್ಯಾಪಾರದ ಅಣ್ಣತಮ್ಮಂದಿರು ಬರುತ್ತಿದ್ದರು. ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಬಾಲಪ್ಪ, ಸಿಂಧನೂರಿಗೆ ಟಿಕೀಟು ತೆಗೆಸಿಯೂ ನಡುದಾರಿಯ ಮಸ್ಕಿಯಲ್ಲೇ ಇಳಿದುಬಿಡುತ್ತಿದ್ದ. ಯಾವ ಜೋಡಿ ಎಷ್ಟನೇ ಸ್ಟೇಜಿಗೆ ಹೋಯಿತೆಂದು ದಾವಲ್‌ಸಾಬ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದರು. ಎಂಟೂ ಸ್ಟೇಜ್ ದಾಟಿದ ಜೋಡಿಯ ಹೆಸರನ್ನು ಬಣ್ಣದಲ್ಲಿ ಬರೆಸುತ್ತೇನೆ ಎಂದಿದ್ದರು. ಬಣ್ಣ ತರುವ ಪ್ರಸಂಗ ಬರಲೇ ಇಲ್ಲ.

ಆಮೇಲೆ ಒಬ್ಬರನ್ನೊಬ್ಬರು ಒದೆಯುವ ಹೊಸ ಆಟ ಬಂತು. ಊರಿಗೆ ಕೇಬಲ್ ಬಂತು, ಕೇಬಲ್ಲಿನಲ್ಲಿ ದಿನವೂ ಕ್ರಿಕೆಟ್ ಬಂತು. ಗೋಲಿಬಾರಿನ ಜೋಡಿಗಳು ಒಂದೊಂದಾಗಿ ಒಡೆದವು. ಕೊನೆಗೆ ಬಾಲಪ್ಪನೊಬ್ಬನೇ ಉಳಿದ. ಅವನ ಜೊತೆಗೆ ದಾವಲ್‌ಸಾಬರೇ ಒಂದು ಕಣ್ಣು ಬಾಗಿಲ ಮೇಲಿಟ್ಟು ಕೂತು, ಎರಡನೇ ನಿಮಿಷಕ್ಕೇ ಸಾಯುತ್ತಿದ್ದರು. ಬೇಸತ್ತು ಒಂದು ದಿನ ಡಬ್ಬಿ, ಕ್ಯಾಸೆಟ್ಟು ಎರಡನ್ನೂ ಅವನಿಗೇ ಕೊಟ್ಟುಬಿಟ್ಟರು. ಜೊತೆಗೆ ಗಾಡಿಗೆ ಹಾಕುವಂಥ ಒಂದು ಹಳೆಯ ಬ್ಯಾಟರಿ, ಅದನ್ನು ಮಾತ್ರ ನಾಲ್ಕು ದಿನದ ಮಟ್ಟಿಗೆ ಎಂದು. ಆ ಡಬ್ಬಿಗೆ ನೆನಪೆಂಬುದಿಲ್ಲ. ಕರೆಂಟು ಹೋದರೆ ಆರನೇ ಸ್ಟೇಜಿನಲ್ಲಿದ್ದರೂ ಮತ್ತೆ ಒಂದನೆಯದರಿಂದ ಹೊರಡಬೇಕು. ಬ್ಯಾಟರಿಗೆ ಕಟ್ಟಿದರೆ, ಟಿವಿ ಆರಿಸಿದರೂ ಆಟ ನಿಂತಲ್ಲೇ ನಿಂತಿರುತ್ತದೆ.

ಆ ನಾಲ್ಕು ದಿನ ಆರು ತಿಂಗಳಾಗಿತ್ತು. ಚಾರ್ಜು ಮಾಡಿಸಲು ಹೊತ್ತೊಯ್ದು ತಂದು ಬಾಲಪ್ಪನ ಎರಡು ಪ್ಯಾಂಟುಗಳಿಗೆ ಆಸಿಡ್ಡಿನ ತೂತು ಬಿದ್ದಿದ್ದವು.

ಆಡಲು ಜೋಡಿ ಬೇಕಲ್ಲ, ಹೆಂಡತಿಯನ್ನು ಕೂರಿಸಿದ. ಕನಕಮ್ಮನಿಗೆ ಅದರ ಬಗ್ಗೆ ಭ್ರಮೆಯೇನೂ ಇರಲಿಲ್ಲ. ಅವನು ಆಕೆಯನ್ನು ಆರಿಸಿಕೊಂಡದ್ದಲ್ಲ, ಎಲ್ಲರೂ ಬಿಟ್ಟು ಹೋದ ಮೇಲೆ ಉಳಿದವಳು ಆಕೆಯೊಬ್ಬಳೇ. ಆದರೆ ತಿಂಗಳೊಳಗೆ ಆಕೆಯ ಬೆರಳುಗಳು ಅವನನ್ನು ಮೀರಿಸಿದವು. ಗುಲ್ಬರ್ಗಾದಲ್ಲಿ ಎಂ.ಎ. ಮಾಡಿ, ಬಾರದ ಇಂಟರ್‌ವ್ಯೂ ಪತ್ರಗಳಿಗೆ ಎರಡು ವರ್ಷ ಕಾದಿದ್ದವಳಿಗೆ, ತನ್ನ ಕೈಗೆ ಒಂದು ಕೆಲಸ ಇಷ್ಟು ಚೆನ್ನಾಗಿ ಬರುತ್ತದೆಂಬುದೇ ಹೊಸದು. ಗುಂಡು ಬರುವ ಮೊದಲೇ ಹೆಬ್ಬೆರಳು ಜಿಗಿಯುತ್ತಿತ್ತು. ಅವನು "ಮ್ಯಾಲ!" ಅನ್ನುವಷ್ಟರಲ್ಲಿ ಆಕೆ ಮೇಲಿನವನನ್ನು ಉರುಳಿಸಿ ಕೆಳಗಿನವನತ್ತ ತಿರುಗಿರುತ್ತಿದ್ದಳು. ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ನಿಂತು, ಒಂದೂ ಮಾತಿಲ್ಲದೆ ಒಂದು ಸೇತುವೆ ದಾಟಿದ ದಿನ ಆಕೆ ಒಲೆಯ ಮೇಲಿನ ಅನ್ನ ಸೀದದ್ದನ್ನೂ ಮರೆತು ನಕ್ಕಿದ್ದಳು.

ಆಟದ ಒಂದು ಕಟ್ಟಳೆ ಮಾತ್ರ ಆಕೆಗೆ ಸಿಟ್ಟು ತರಿಸುತ್ತಿತ್ತು. ಜೋಡಿಯಲ್ಲಿ ಒಬ್ಬ ಹಿಂದೆ ಉಳಿದರೆ ಪರದೆ ಸರಿಯುವುದಿಲ್ಲ. ಮುಂದಿದ್ದವನು ಅಂಚಿಗೆ ಬಂದು ಕಾಲು ಬಡಿಯುತ್ತ ನಿಲ್ಲಬೇಕು. ಹಿಂದೆ ಉಳಿಯುವವನು ಯಾವಾಗಲೂ ಬಾಲಪ್ಪನೇ. ತನ್ನ ಜೀವಗಳು ತೀರಿದರೆ ಒಂದು ಗುಂಡಿ ಒತ್ತಿ ಜೊತೆಯವನ ಜೀವ ತೆಗೆದುಕೊಳ್ಳಬಹುದು. ಅವನು ತೆಗೆದುಕೊಂಡ ಮೇಲೆ ಹೇಳುತ್ತಿದ್ದ: "ಕನಕಾ, ಒಂದು ತಗೊಂಡೆ ನೋಡು."

"ಕೇಳಿ ತಗೋರಿ."

"ಕೇಳ್ಕೋತ ಕುಂತ್ರ ಸತ್ತು ಹೋಗ್ತೀನಲ್ಲ!"

ಕಳೆದ ಸೋಮವಾರ ಮುಂಜಾನೆ ಮೊದಲ ಬಾರಿಗೆ ಏಳನೇ ಸ್ಟೇಜು ಕಂಡಿತು. ಬಸ್ಸಿನ ಹೊತ್ತಾಗಿತ್ತು. ಅವನು ಆಟ ನಿಲ್ಲಿಸಿ ಟಿವಿ ಆರಿಸಿದ. "ಹಂಗ ಇರ್ಲಿ. ಸಂಜಿಗಿ ಬಂದು ಮುಗಸೋಣು." ಸಂಜೆ ಮಸ್ಕಿಯಿಂದ ಪರಿಚಯದವನೊಬ್ಬನ ಬೈಕಿನ ಹಿಂದೆ ಕೂತು ಬರುವಾಗ, ಭತ್ತದ ಚೀಲ ಹೇರಿಕೊಂಡು ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿಗೆ ಬೈಕು ಹೊಡೆಯಿತು. ಓಡಿಸುತ್ತಿದ್ದವನಿಗೆ ಕೈ ಮುರಿಯಿತು. ಹಿಂದೆ ಕೂತವನಿಗೆ ತಲೆ.

ಐದನೆಯ ದಿನದ ಈ ಮುಂಜಾನೆ ಒಂಬತ್ತರ ಹೊತ್ತಿಗೆ ದಾವಲ್‌ಸಾಬ್ ಬಂದರು. ಮುದುಕಮ್ಮ ಚಾಪೆ ಹಾಸಿದರೂ ಮೇಲೆ ಬರದೆ ಮೆಟ್ಟಿಲ ಮೇಲೆಯೇ ಕೂತರು.

"ನಿಮ್ಮ ಅಂಗಡಿಯವ್ರು ಒಬ್ರೂ ಬರ್ಲಿಲ್ಲಲ್ರಿ," ಎಂದಳು ಕನಕಮ್ಮ.

"ತಾಯಪ್ಪಗ ಹೇಳಿ ಕಳಿಸಿದ್ನಿ, ತಂಗಿ. ಪಾಳಿ ಬಿಡಂಗಿಲ್ಲಂತ."

"ಗುರುಗುಂಟಾದವ್ರು?"

ದಾವಲ್‌ಸಾಬ್ ಚಪ್ಪಲಿಯ ಮಣ್ಣು ನೋಡಿದರು. "ಯಾವ ಬಾಲಪ್ಪ ಅಂದ್ರು. ಗೋಲಿಬಾರ್ ಬಾಲಪ್ಪ ಅಂದ ಮ್ಯಾಲ ಗುರ್ತು ಹಿಡದ್ರು. ಇನ್ನಾ ಅದನ್ನ ಆಡ್ತಿದ್ನಾ ಅಂತ ಕೇಳಿದ್ರು."

ಮುದುಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅವತ್ತು ಅಂವ ನನ್ನ ಅಂಗಡಿಗೆ ಬಂದಿದ್ದ, ತಂಗಿ. ಇದನ್ನ ಹೇಳದಿದ್ರ ನನಗ ಉಂಡದ್ದು ಇಳಿಯಂಗಿಲ್ಲ. ಬಸ್ಸಿಳದು ಓಡಿ ಬಂದ. ಏಳಕ್ಕ ಬಂದೀವಿ, ನಾನೂ ನಮ್ಮಾಕೀನೂ, ಗ್ವಾಡಿ ಮ್ಯಾಲ ಜಾಗ ಬಿಡ್ರಿ ಅಂದ. ನಾನಽ ಚಾ ಕುಡದು ಹೋಗು ಅಂತ ಕೂಡಿಸಿದೆ. ಅಷ್ಟರಾಗ ಬಸ್ಸು ಹೋತು."

ಕನಕಮ್ಮ ಅದನ್ನು ಕೇಳಿಸಿಕೊಂಡಳು. ಆಟ ಮುಗಿಸಲು ಮನೆಗೆ ಬರಬೇಕಾದವನು, ಮುಗಿಯುವ ಮೊದಲೇ ಹೇಳಿಕೊಳ್ಳಲು ಇಳಿದಿದ್ದ. ಕೇಳಲು ಅಲ್ಲಿ ಇದ್ದದ್ದಾದರೂ ಒಬ್ಬರೇ.

"ಈಗೇನ್ರಿ ಬಂದದ್ದು?" ಎಂದಳು.

"ಕೇಳಾಕ ನಾಲಿಗಿ ಏಳವಲ್ದು. ಆ ಬ್ಯಾಟರಿ... ಅದು ನಮ್ಮ ತಮ್ಮ ಇಸ್ಮಾಯಿಲ್‌ಸಾಬನ ಟ್ರ್ಯಾಕ್ಟರಿಂದು. ಆರು ತಿಂಗಳಿಂದ ನೂಕಿಸಿ ಚಾಲೂ ಮಾಡ್ಕೋತ ಬಂದಾನ. ಈಗ ಕಾಲುವಿಗಿ ನೀರು ಬಿಟ್ಟಾರ. ಕೆಸರಾಗ ಯಾರು ನೂಕಬೇಕು?"

"ಕೊಡಬೇ," ಎಂದಳು ಮುದುಕಮ್ಮ ಒಳಗಿನಿಂದ. "ಮಂದಿ ಸಾಮಾನು ನಮ್ಮ ಮನ್ಯಾಗ ಯಾಕ?"

"ನಾಕಕ್ಕ ಬರ್ರಿ," ಎಂದಳು ಕನಕಮ್ಮ. "ಬಿಚ್ಚಿ ಇಟ್ಟಿರ್ತೀನಿ."

ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಆಕೆ ಟವೆಲ್ ತೆಗೆದು, ಸದ್ದು ಪೂರ್ತಿ ಇಳಿಸಿ ಟಿವಿ ಹಚ್ಚಿದಳು. ಗೆರೆಗಳು ಹರಿದಾಡಿ ಚಿತ್ರ ನಿಂತಿತು. ಕಬ್ಬಿಣದ ಗೋಡೆಗಳ ನಡುವೆ ನೀಲಿ ಚಡ್ಡಿಯವನು ಒಂದು ಕಾಲು ಎತ್ತಿಕೊಂಡು ಎಡಗಡೆ, ಕೆಂಪು ಚಡ್ಡಿಯವನು ಬಲಗಡೆ ಅಂಚಿನಲ್ಲಿ. ಒಂದು ಗುಂಡು ಗಾಳಿಯಲ್ಲಿ ನಿಂತಿತ್ತು. ನೀಲಿಯವನ ಹತ್ತಿರ ಉಳಿದದ್ದು ಒಂದು ಜೀವ, ಆಕೆಯ ಕೆಂಪಿನವನ ಹತ್ತಿರ ನಾಲ್ಕು.

"ಗಂಡನ ಮಣ್ಣು ಆರಿಲ್ಲ, ಟಿವಿ ಹಚ್ಚೀ ಏನಬೇ?" ಮುದುಕಮ್ಮ ಬಾಗಿಲಲ್ಲಿ ನಿಂತಿದ್ದಳು. "ಓಣಿ ಮಂದಿ ಕೇಳಿದ್ರ ಏನಂದಾರು? ಕಲತಾಕಿ ಅಂತ ತಂದ್ರ ಇಷ್ಟಽ ಏನು ಕಲತದ್ದು?"

"ಅವ್ರು ನಿಲ್ಲಿಸಿ ಹೋಗ್ಯಾರತ್ತಿ. ಆ ನೀಲಿಯಂವ ಅವ್ರು."

ಮಗ ಇದ್ದಾಗ ಈ ಆಟದ ಪೀಂ ಪೀಂ ಕೇಳಿದರೆ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ ಮುದುಕಮ್ಮ ಈಗ ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಜಿಗೆ ಮುಖ ಹತ್ತಿರ ತಂದಳು.

"ಯಾವಾಗಿಂದ ನಿಂತಾನ?"

"ಸೋಮವಾರ ಮುಂಜಾನಿಂದ."

"ಸೋಮವಾರ ಮುಂಜಾನಿ ಅಂವ ರೊಟ್ಟಿ ತಿಂದು ಹೋದ." ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಅಂದಳು, "ಇರ್ಲಿ ಬಿಡು. ಸಾಬಗ ಬ್ಯಾಟರಿ ಕೊಡಬ್ಯಾಡ."

"ಕೊಡದಿದ್ರೂ ಇವತ್ತಿಲ್ಲ ನಾಳೆ ತಾನಽ ಆರ್ತೈತ್ರಿ. ಮುಗಸ್ತೀನಿ."

"ಮುಗಸು. ಅವನ್ನ ಮುಟ್ಟಬ್ಯಾಡ."

"ಅವ್ರು ಸರೀದಽ ನನಗ ಮುಂದಕ ಹೋಗಾಕ ಬರಂಗಿಲ್ಲತ್ತಿ."

"ಹಂಗಾರ ನೀನೂ ನಿಂದ್ರು."

ಅದನ್ನು ಮುದುಕಮ್ಮ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನೀರು ತುಂಬು, ಬಾಗಿಲು ಹಾಕು ಎಂದಂತೆಯೇ ಹೇಳಿದಳು. ಕನಕಮ್ಮ ಗೋಡೆ ಗಡಿಯಾರ ನೋಡಿದಳು. ಎರಡೂವರೆ. ಅವನ ಕಂಟ್ರೋಲನ್ನು ಎಡತೊಡೆಯ ಮೇಲೆ, ತನ್ನದನ್ನು ಬಲತೊಡೆಯ ಮೇಲೆ ಇಟ್ಟುಕೊಂಡು ಗುಂಡಿ ಒತ್ತಿದಳು. ನಿಂತ ಗುಂಡು ಹೊರಟಿತು.

ನೀಲಿಯವನನ್ನು ನಾಲ್ಕು ಹೆಜ್ಜೆ ನಡೆಸಿದಳು, ತನ್ನವನನ್ನು ನಾಲ್ಕು ಹೆಜ್ಜೆ. ಮತ್ತೆ ಅವನನ್ನು, ಮತ್ತೆ ತನ್ನವನನ್ನು. ಹೀಗೇ ಎರಡು ಬಾಗಿಲು ದಾಟಿದಳು. ಮೂರನೆಯದರಲ್ಲಿ ಮೇಲಿನಿಂದ ಒಬ್ಬ ನೀಲಿಯವನತ್ತ ಗುಂಡು ಹಾರಿಸಿದ. ನಿಧಾನದ ಗುಂಡು, ಎಂಥವರಿಗೂ ಕಾಣುವಂಥದ್ದು. ಎಡ ಹೆಬ್ಬೆರಳು ಅವನನ್ನು ಜಿಗಿಸುವ ಗುಂಡಿಯ ಮೇಲೆಯೇ ಇತ್ತು. ಆಕೆ ಒತ್ತಲಿಲ್ಲ.

"ಬಿದ್ದನೇನಬೇ?"

"ಬಿದ್ರು."

"ಎಬ್ಬಸಾಕ ಬರಂಗಿಲ್ಲೇನು?"

"ಬರ್ತೈತಿ," ಎಂದಳು ಕನಕಮ್ಮ. ನಾಲ್ಕರಲ್ಲಿ ಒಂದನ್ನು ಕೊಟ್ಟರೆ ಏಳುತ್ತಾನೆ. ಅವನ ಕಂಟ್ರೋಲನ್ನು ತೊಡೆಯಿಂದ ತೆಗೆದು ಚಾಪೆಯ ಮೇಲೆ ಬೋರಲು ಇಟ್ಟಳು.

ಮುದುಕಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿದ್ದ ಸದ್ದಾಯಿತು.

ಪರದೆ ಸರಾಗವಾಗಿ ಸರಿಯಿತು. ಎಲ್ಲಿಯೂ ಕಾಯಬೇಕಾಗಲಿಲ್ಲ, ಹಿಂತಿರುಗಿ ನೋಡಬೇಕಾಗಲಿಲ್ಲ. ಆರು ತಿಂಗಳು ಇಬ್ಬರೂ ಕೂಡಿ ಮುಟ್ಟಲಾಗದ್ದನ್ನು ಆಕೆ ಇಪ್ಪತ್ತು ನಿಮಿಷದಲ್ಲಿ ದಾಟಿದಳು, ಅದೂ ಎರಡು ಜೀವ ಉಳಿಸಿಕೊಂಡು. ಇಷ್ಟು ಸುಲಭವಾಗಿತ್ತೆಂಬುದು ತಿಳಿಯದೆ ಹೋಗಿದ್ದರೇ ಚೆನ್ನಾಗಿತ್ತು. ಕೊನೆಯ ಕೋಟೆ ಸದ್ದಿಲ್ಲದೆ ಸಿಡಿಯಿತು. ಪರದೇಶದ ಒಂದಷ್ಟು ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹರಿದು ಹೋದವು. ಆಮೇಲೆ ಆಟ ತಾನಾಗಿಯೇ ಒಂದನೇ ಸ್ಟೇಜಿಗೆ ಬಂತು. ಇಬ್ಬರೂ ಹೊಸದಾಗಿ, ಮೂರು ಮೂರು ಜೀವದೊಂದಿಗೆ, ಕಾಡಿನ ಅಂಚಿನಲ್ಲಿ ಜಿಗಿದು ನಿಂತರು. ನೀಲಿಯವನು ಮೊದಲಿನ ಹಾಗೆಯೇ ಎಡಗಡೆ.

ಕನಕಮ್ಮ ಬ್ಯಾಟರಿಯ ಕ್ಲಿಪ್ಪುಗಳನ್ನು ಕಿತ್ತಳು. ಕೆಂಪು ದೀಪ ಆರಿತು.

ನಾಲ್ಕಕ್ಕೆ ದಾವಲ್‌ಸಾಬ್ ಬಂದಾಗ ಬ್ಯಾಟರಿಯನ್ನು ಹಳೆಯ ಗೋಣಿಯಲ್ಲಿ ಸುತ್ತಿ ಆಕೆಯೇ ಹೊಸ್ತಿಲಿನವರೆಗೆ ಎತ್ತಿಕೊಂಡು ಬಂದಳು.

"ಬಿಡು ತಂಗಿ, ವಜ್ಜಿ ಐತಿ, ನಾ ಬರ್ತಿದ್ನಿ." ಕೈ ಚಾಚಿದವರು ಚಾಚಿದಂತೆಯೇ ಕೇಳಿದರು, "ಆಟ? ಹೋತೇನು?"

"ಮುಗೀತ್ರಿ. ಎಂಟೂ."

ದಾವಲ್‌ಸಾಬರ ಮುಖ ಒಂದು ಗಳಿಗೆ ಅರಳಿತು. "ಸುಭಾನಲ್ಲಾ! ಜೋಡಿನೇ?"

"ಇಲ್ರಿ. ಒಬ್ಬಾಕಿನಽ."

ಅವರು ತಲೆ ತಗ್ಗಿಸಿದರು. "ಗ್ವಾಡಿಗೆ ಮೊನ್ನೆನೇ ಸುಣ್ಣ ಹೊಡಸಿಬಿಟ್ಟೀನಿ. ಆ ಜಾಗಕ್ಕ ಗೊಬ್ಬರದ ಅಂಗಡಿಯಂವ ಬರ್ತಾನ. ಹೊಡಸದಿದ್ರೂ... ಅಲ್ಲಿ ಬರ್ಯೂದು ಜೋಡೀದು ಅಷ್ಟಽ ಇತ್ತಲ್ಲ ತಂಗಿ."

"ಗೊತ್ತೈತ್ರಿ," ಎಂದಳು ಕನಕಮ್ಮ. "ಎರಡೂ ಕೈಲೆ ಹಿಡೀರಿ. ಆಸಿಡ್ ಸೋರ್ತೈತಿ, ಅರಿವಿ ಸುಡ್ತೈತಿ."

ಅವರು ಹಿಡಿದ ಮೇಲೆ ಆಕೆ ಕೈ ತೆಗೆದಳು.